ಬಿಟ್ಟುಹೋದ ಒಂದು ಸಾಲು

ಕರೆಂಟು ಹೋಗದಿದ್ದರೆ ಆ ಸಂಜೆ ನಮಗೆ ಉತ್ತರ ಸಿಗುತ್ತಿರಲಿಲ್ಲ.

ನಮ್ಮ ಪಕ್ಕದೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಎಂದಿದೆ. ಊರಿನವರೊಬ್ಬರು ಕೊಟ್ಟ ಹಳೆಯ ಲ್ಯಾಪ್‌ಟಾಪು ಅಲ್ಲಿತ್ತು. ಹೊಸ ವಿಂಡೋಸ್‌ನ ಭಾರ ಅದು ತಡೆಯುತ್ತಿರಲಿಲ್ಲವಾದ್ದರಿಂದ ಲಿನಕ್ಸ್ ಹಾಕಿಕೊಟ್ಟು ಬಂದಿದ್ದೆ. ಮೂರನೇ ದಿನ ಗ್ರಂಥಾಲಯದ ಮೇಲ್ವಿಚಾರಕಿಯಿಂದ ಫೋನು. 'ಸರ್, ಕನ್ನಡ ಬರ್ತಿದೆ, ಆದ್ರೆ ನಮ್ ಥರ ಬರ್ತಿಲ್ಲ. ಎನ್ ಒತ್ತಿದ್ರೆ ಲ ಬೀಳುತ್ತೆ.'

ಹೋಗಿ ನೋಡಿದೆ. ಅದರಲ್ಲಿ ಇದ್ದದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಆಕೆ ಕಲಿತದ್ದು ನುಡಿ. ನುಡಿಯ ಕೀಲಿ ಜೋಡಣೆಗೆ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಲಿನಕ್ಸ್‌ನಲ್ಲೂ ಅದು ಕೆಜಿಪಿ ಎಂಬ ಹೆಸರಿನಲ್ಲಿ ಇದೆ, ಹಾಕಿಕೊಳ್ಳಬೇಕು ಅಷ್ಟೆ. ಹೇಗೆ ಹಾಕಿಕೊಳ್ಳಬೇಕೆಂದು ಹೇಳುವ ಪುಟವೂ ಸಿಕ್ಕಿತು. ಇಂಗ್ಲಿಷಿನಲ್ಲಿ ಏಳು ಹೆಜ್ಜೆ. ನಾನು ಓದಿ ಕನ್ನಡದಲ್ಲಿ ಹೇಳುವುದು, ಆಕೆ ಮಾಡುವುದು. ನಾಲ್ಕನೇ ಹೆಜ್ಜೆಯಲ್ಲಿ ಒಂದು ಸಣ್ಣ ಪ್ಯಾಕೇಜು ಇಳಿಸಿಕೊಂಡೆವು. ಐದನೇ ಹೆಜ್ಜೆ: ಪಟ್ಟಿ ತೆರೆದು ಕೆಜಿಪಿ ಆರಿಸಿ. ಪಟ್ಟಿ ತೆರೆದೆವು. ಕೆಜಿಪಿ ಇಲ್ಲ. ಮೊದಲಿನಿಂದ ಮಾಡಿದೆವು. ಇಲ್ಲ. ಮೂರನೇ ಸಲ ಮಾಡುತ್ತಿರುವಾಗ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು, ಪರದೆ ಕಪ್ಪಾಯಿತು.

ಅರ್ಧ ಗಂಟೆಯ ಮೇಲೆ ದೀಪ ಬಂತು. ಆಕೆ ಯಂತ್ರ ಚಾಲೂ ಮಾಡಿ, ಇನ್ನೊಂದು ಸಲ ನೋಡೋಣ ಎಂದು ಪಟ್ಟಿ ತೆರೆದರೆ ಕೆಜಿಪಿ ಅಲ್ಲಿ ಕೂತಿದೆ. ಆರಿಸಿ, ಕೆ, ಎನ್, ಎಫ್, ಎನ್, ಡಬ್ಲ್ಯು, ಐದು ಕೀಲಿ ಒತ್ತಿದರು. ಪರದೆಯ ಮೇಲೆ 'ಕನ್ನಡ'.

ಹೊಸ ಪ್ಯಾಕೇಜು ಬಂದಿರುವುದು ಯಂತ್ರದ ಗಮನಕ್ಕೆ ಬಂದದ್ದು ಒಮ್ಮೆ ಆಫ್ ಆಗಿ ಆನ್ ಆದಾಗ. ನಾಲ್ಕಕ್ಕೂ ಐದಕ್ಕೂ ನಡುವೆ ಇರಬೇಕಾಗಿದ್ದ ಆ ಸಾಲು ಪುಟದಲ್ಲಿ ಇರಲಿಲ್ಲ. ಆಕೆ ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ಕು ತೆಗೆದು ದುಂಡಗೆ ಬರೆದುಕೊಂಡರು: 'ನಾಲ್ಕಾದ ಮೇಲೆ ಒಂದು ಸಲ ಆಫ್ ಮಾಡಿ ಆನ್ ಮಾಡಬೇಕು. ಆಮೇಲೆ ಐದು.'

ಪುಟ ಬರೆದವರಿಗೆ ಈ ಸಂಗತಿ ಗೊತ್ತಿರಲಿಲ್ಲವೆ? ಖಂಡಿತ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ, ಅದೊಂದು ಹೆಜ್ಜೆ ಎಂದೇ ಅವರಿಗೆ ಅನ್ನಿಸಿರಲಿಕ್ಕಿಲ್ಲ. ಸಾರಿನ ಪುಡಿ ಹೇಗೆ ಮಾಡುವುದೆಂದು ನಲವತ್ತು ವರ್ಷ ಮಾಡಿದವರನ್ನು ಕೇಳಿ ನೋಡಿ, 'ಹದವಾಗಿ ಹುರಿ' ಎನ್ನುತ್ತಾರೆ. ಹದ ಅವರ ಕೈಗೆ, ಮೂಗಿಗೆ ಇಳಿದುಬಿಟ್ಟಿದೆ. ಬಾಯಿಗೆ ಬರುವುದಿಲ್ಲ. ಅದೇ ಕಳೆದ ವಾರ ಮೆಂತ್ಯ ಸೀಯಿಸಿಕೊಂಡು ಇಡೀ ಪುಡಿ ಕಹಿ ಮಾಡಿಕೊಂಡ ಹುಡುಗಿಯನ್ನು ಕೇಳಿ. ಯಾವ ಬಣ್ಣಕ್ಕೆ ತಿರುಗಿದೊಡನೆ ಬಾಣಲೆ ಇಳಿಸಬೇಕು, ಇಳಿಸಿದ ಮೇಲೂ ಬಿಸಿಗೆ ಹೇಗೆ ಹುರಿಯುತ್ತಲೇ ಇರುತ್ತದೆ ಎಂದೆಲ್ಲ ಬಿಡಿಸಿ ಹೇಳುತ್ತಾಳೆ. ತಂತ್ರಾಂಶದ ಕೈಪಿಡಿಗೆ ಬೇಕಾದವಳು ಈ ಹುಡುಗಿ. ಅವಳ ಈ ಅರಿವಿಗೆ ಆಯುಸ್ಸು ಕಡಿಮೆ. ಇನ್ನು ಹತ್ತು ಸಲ ಮಾಡುವಷ್ಟರಲ್ಲಿ ಅವಳಿಗೂ ಹದ ಕೈಗೆ ಇಳಿಯುತ್ತದೆ, ಮಾತು ಹೋಗುತ್ತದೆ. ಅಷ್ಟರೊಳಗೆ ಬರೆದಿಡಬೇಕು.

ಓಪನ್ ಸೋರ್ಸ್ ಅಂದರೆ ತಂತ್ರಾಂಶದ ಮೂಲ ಬರಹ ಯಾರು ಬೇಕಾದರೂ ಓದುವಂತೆ, ತಿದ್ದುವಂತೆ ತೆರೆದಿಟ್ಟದ್ದು ಎಂದು ಬಹಳ ಜನಕ್ಕೆ ಗೊತ್ತು. ಅದರ ಕೈಪಿಡಿಯೂ ಹಾಗೆಯೇ ತೆರೆದಿದೆ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಕೋಡ್ ಬರೆಯಲು ಬಾರದವರಿಗೆ ಇಲ್ಲಿ ಕೆಲಸವಿಲ್ಲ ಎಂಬ ನಂಬಿಕೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಗಟ್ಟಿಯಾಗಿದೆ. ಆದರೆ ತಂತ್ರಾಂಶ ಯೋಜನೆಗಳ ತಾಣವಾದ ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಶೇ 93 ಮಂದಿ, ಅರೆಬರೆ ಅಥವಾ ಹಳತಾದ ಕೈಪಿಡಿಗಳೇ ಎಲ್ಲೆಡೆ ಕಾಡುವ ತೊಂದರೆ ಎಂದರು. ಅದೇ ಸಮೀಕ್ಷೆಯಲ್ಲಿ, ತಂತ್ರಾಂಶಕ್ಕೆ ಕೊಡುಗೆ ನೀಡುವವರ ಪೈಕಿ ಶೇ 60 ಮಂದಿ ಕೈಪಿಡಿಯ ಕೆಲಸಕ್ಕೆ ಕೈ ಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದೂ ಹೇಳಿದರು. ಕೆರೆಯಲ್ಲಿ ಹೂಳು ತುಂಬಿದೆ ಎಂದು ಊರಿಗೆ ಊರೇ ಹೇಳುತ್ತದೆ, ಹೂಳೆತ್ತುವ ದಿನ ಅರ್ಧಕ್ಕೂ ಹೆಚ್ಚು ಜನ ಮನೆಯಲ್ಲಿರುತ್ತಾರೆ.

ಈ ಕೆಲಸಕ್ಕೆ ಮರ್ಯಾದೆ ಇದ್ದ ಕಾಲವೂ ಇತ್ತು. ಲಿನಕ್ಸ್‌ಗೆ ಅಜ್ಜನಂತಿರುವ ಯುನಿಕ್ಸ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಅದರ ಮೊದಲ ಕೈಪಿಡಿಯ ಮೇಲಿರುವ ತಾರೀಕು 1971ರ ನವೆಂಬರ್ 3. ಬರೆದವರು ಯುನಿಕ್ಸನ್ನು ಕಟ್ಟಿದ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರೇ. ವಿಭಾಗದ ಮುಖ್ಯಸ್ಥರಾಗಿದ್ದ ಡಗ್ ಮೆಕ್‌ಇಲ್‌ರಾಯ್ ಕೈಪಿಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯುನಿಕ್ಸನ್ನು ದಿನನಿತ್ಯದ ಕೆಲಸಕ್ಕೆ ಮೊದಲು ಬಳಸಿದವರು ಆ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಸ್ಟರು. ಪೇಟೆಂಟ್ ಅರ್ಜಿಗಳನ್ನು ಅಚ್ಚುಕಟ್ಟಾಗಿ ಟೈಪು ಮಾಡಿಕೊಡಲು ಅವರಿಗೆ ಅದು ಬೇಕಿತ್ತು. ನಮ್ಮ ಗ್ರಂಥಾಲಯದ ಮೇಜಿನ ಮುಂದೆ ಕೂತಾಗ ನನಗೆ ಆ ಟೈಪಿಸ್ಟರು ನೆನಪಾದರು.

ಆ ಕೈಪಿಡಿಯ ಪ್ರತಿ ಪುಟಕ್ಕೂ ಒಂದೇ ಚೌಕಟ್ಟು. ಹೆಸರು, ಬರೆಯುವ ಕ್ರಮ, ವಿವರಣೆ, ಸಂಬಂಧಪಟ್ಟ ಕಡತಗಳು, ಇನ್ನೆಲ್ಲಿ ನೋಡಬೇಕು. ಕೊನೆಯಲ್ಲಿ ಎರಡು ತಲೆಬರಹ ನನಗೆ ಬಹಳ ಇಷ್ಟ. ಒಂದು 'ಬಗ್ಸ್'. ನಮ್ಮ ಪ್ರೋಗ್ರಾಮಿನಲ್ಲಿ ಈ ಈ ದೋಷಗಳಿವೆ ಎಂದು ಮಾಡಿದವರೇ ಬರೆದು ಒಪ್ಪಿಕೊಳ್ಳುವ ಜಾಗ. ಇನ್ನೊಂದು 'ಓನರ್', ಅಂದರೆ ಈ ಪ್ರೋಗ್ರಾಮಿಗೆ ಹೊಣೆ ಯಾರು ಎಂಬ ಸಹಿ. ತಪ್ಪನ್ನು ಹೀಗೆ ಅಚ್ಚಿನಲ್ಲಿ ಕಾಣಿಸಬೇಕಾಗಿ ಬಂದಾಗ, ಬರೆಯುವುದಕ್ಕಿಂತ ತಿದ್ದುವುದೇ ವಾಸಿ ಎನ್ನಿಸಿ ಪ್ರೋಗ್ರಾಮನ್ನೇ ಸರಿಪಡಿಸಿದ್ದುಂಟು. ವಿವರಿಸಲು ಹೋದಾಗ ನಾಲಿಗೆ ತೊಡರಿದರೆ ತೊಡಕಿರುವುದು ಮಾತಿನಲ್ಲಲ್ಲ, ಮಾಡಿದ ವಸ್ತುವಿನಲ್ಲಿ. ಇದು ಪಾಠ ಹೇಳುವ ಮೇಷ್ಟರಿಗೆಲ್ಲ ಗೊತ್ತಿರುವ ವಿಷಯ.

ಇಂದೂ ಲಿನಕ್ಸ್‌ನಲ್ಲಿ 'ಮ್ಯಾನ್' ಎಂದು ಟೈಪಿಸಿ ಮುಂದೆ ಒಂದು ಆಜ್ಞೆಯ ಹೆಸರು ಕೊಟ್ಟರೆ ಅದೇ ಚೌಕಟ್ಟಿನ ಪುಟ ತೆರೆಯುತ್ತದೆ. ಲಿನಕ್ಸ್‌ನ ಇಂಥ ಸಾವಿರಕ್ಕೂ ಹೆಚ್ಚು ಪುಟಗಳನ್ನು 2004ರಿಂದ ಹದಿನೈದು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡವರು ಮೈಕೆಲ್ ಕೆರಿಸ್ಕ್. ಜಗತ್ತಿನ ಮೂಲೆಮೂಲೆಯಿಂದ ಬಂದ ತಿದ್ದುಪಡಿಗಳನ್ನು ಒಂದೊಂದಾಗಿ ಓದಿ, ಯಂತ್ರದ ಮೇಲೆ ಮಾಡಿ ನೋಡಿ, ಸೇರಿಸುವ ಕೆಲಸ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಹೆಸರು ಗೊತ್ತಿರುವ ಹತ್ತು ಜನರಲ್ಲಿ ಒಬ್ಬರಿಗಾದರೂ ಕೆರಿಸ್ಕ್ ಹೆಸರು ಗೊತ್ತಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಾದಿಸಿದರು. ತಂತ್ರಾಂಶ ಸ್ವತಂತ್ರವಾಗಿದ್ದು ಅದರ ಕೈಪಿಡಿ ಮಾತ್ರ ಯಾರದೋ ಹಕ್ಕುಸ್ವಾಮ್ಯದಲ್ಲಿ ಬೀಗ ಹಾಕಿ ಕೂತಿದ್ದರೆ ಆ ಸ್ವಾತಂತ್ರ್ಯ ಅರ್ಧವೇ. ತಂತ್ರಾಂಶ ಬದಲಿಸಿದವನಿಗೆ ಕೈಪಿಡಿ ಬದಲಿಸುವ ಹಕ್ಕೂ ಬೇಕು, ಇಲ್ಲದಿದ್ದರೆ ಆತ ಸುಳ್ಳು ಹೇಳುವ ಕೈಪಿಡಿಯ ಜೊತೆ ತಂತ್ರಾಂಶ ಹಂಚಬೇಕಾಗುತ್ತದೆ. ಈ ಕಾರಣಕ್ಕೆ 2000ದಲ್ಲಿ ಕೈಪಿಡಿಗಳಿಗೆಂದೇ ಅವರ ಗ್ನೂ ಯೋಜನೆಯ ಪರವಾನಗಿ ಬಂತು. ವಿಕಿಪೀಡಿಯ 2009ರವರೆಗೆ ನಡೆದದ್ದು ಅದೇ ಪರವಾನಗಿಯ ಮೇಲೆ. 2003ರಲ್ಲಿ ಹುಟ್ಟಿದ ನಮ್ಮ ಕನ್ನಡ ವಿಕಿಪೀಡಿಯದ ಮೊದಲ ಲೇಖನಗಳೂ, ಹಾಗೆ ನೋಡಿದರೆ, ಕೈಪಿಡಿಗಾಗಿ ಮಾಡಿದ ಕಾನೂನಿನ ನೆರಳಲ್ಲೇ ಬೆಳೆದವು.

ಈಗ ನೋಟ್‌ಬುಕ್ಕಿನ ಆ ಸಾಲು ಎಲ್ಲಿಗೆ ಹೋಯಿತೆಂದು ಹೇಳುತ್ತೇನೆ.

ಮನೆಗೆ ಬಂದು ರಾತ್ರಿ ಆ ಪುಟ ಮತ್ತೆ ತೆರೆದೆ. ಮೇಲೆ ಬಲಗಡೆ ಪುಟ್ಟ ಪೆನ್ಸಿಲ್ ಚಿತ್ರ. ಒತ್ತಿದರೆ ಪುಟದ ಒಳಗಿನ ಬರಹ ಬಿಚ್ಚಿಕೊಂಡಿತು. ಇಂಥ ಪುಟಗಳನ್ನು ಬಹುಪಾಲು ಮಾರ್ಕ್‌ಡೌನ್ ಎಂಬ ಸರಳ ವಿಧಾನದಲ್ಲಿ ಬರೆದಿರುತ್ತಾರೆ. ತಲೆಬರಹಕ್ಕೆ ಸಾಲಿನ ಮೊದಲು ಹ್ಯಾಶ್ ಗುರುತು, ಒತ್ತಿ ಹೇಳುವ ಮಾತಿನ ಅಕ್ಕಪಕ್ಕ ನಕ್ಷತ್ರ, ಹೆಜ್ಜೆಗಳಿಗೆ ಅಂಕಿ. ಅರ್ಧ ಗಂಟೆಯಲ್ಲಿ ಕಲಿಯಬಹುದು. ನಾಲ್ಕರ ಕೆಳಗೆ ಒಂದು ಸಾಲು ಸೇರಿಸಿದೆ: ಯಂತ್ರವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಯಾಕೆ ಸೇರಿಸಿದೆ ಎಂದು ಕೇಳುವ ಖಾಲಿ ಪೆಟ್ಟಿಗೆಯಲ್ಲಿ ನಡೆದದ್ದನ್ನು ನಾಲ್ಕು ಸಾಲಲ್ಲಿ ಬರೆದು ಕಳಿಸಿದೆ. ಇದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ನಿಮ್ಮ ಪುಟವನ್ನು ನನ್ನ ಕಡೆ ನಕಲು ಮಾಡಿಕೊಂಡು ತಿದ್ದಿದ್ದೇನೆ, ಸರಿ ಅನ್ನಿಸಿದರೆ ಒಳಗೆ ಸೆಳೆದುಕೊಳ್ಳಿ ಎಂಬ ಅರಿಕೆ. ಹಿಂದೆ ಕೆಲಸ ಮಾಡುವುದು ಗಿಟ್, ಟೋರ್ವಾಲ್ಡ್ಸ್ 2005ರಲ್ಲಿ ಬರೆದ ವ್ಯವಸ್ಥೆ. ಯಾರು ಯಾವ ಸಾಲನ್ನು ಯಾವಾಗ ಮುಟ್ಟಿದರು ಎಂಬುದು ಅದರಲ್ಲಿ ಅಳಿಸದೆ ಉಳಿಯುತ್ತದೆ.

ಎರಡು ದಿನದ ಮೇಲೆ ಉತ್ತರ ಬಂತು. ಯಾವ ದೇಶದವರೋ ತಿಳಿಯದು, ಬಂದ ಹೊತ್ತು ನಮ್ಮ ನಡುರಾತ್ರಿ. ಮೊದಲು ಧನ್ಯವಾದ. ಆಮೇಲೆ ಎರಡು ಪ್ರಶ್ನೆ. ತಂತ್ರಾಂಶದ ಯಾವ ಆವೃತ್ತಿಯಲ್ಲಿ ಹೀಗಾಯಿತು? ಪೂರ್ತಿ ಆಫ್ ಮಾಡಲೇಬೇಕೆ, ಅಥವಾ ಲಾಗ್ ಔಟ್ ಆಗಿ ಒಳಗೆ ಬಂದರೆ ಸಾಕೆ? ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮಗೆ ಉತ್ತರ ಕೊಟ್ಟದ್ದು ಕರೆಂಟು, ಅದು ಪೂರ್ತಿ ಆಫ್ ಮಾಡಿತ್ತು. ಇನ್ನೊಂದು ಯಂತ್ರದಲ್ಲಿ ಮೊದಲಿನಿಂದ ಮಾಡಿ ನೋಡಿದೆ. ಲಾಗ್ ಔಟ್ ಸಾಕಾಗುತ್ತಿತ್ತು. ಸಾಲು ತಿದ್ದಿದೆ. ಬದಲಾವಣೆ ತೋರಿಸುವ ಪರದೆಯಲ್ಲಿ ಹೋದ ಸಾಲು ಕೆಂಪು, ಬಂದ ಸಾಲು ಹಸಿರು. ಒಂದು ಕೆಂಪು, ಒಂದು ಹಸಿರು. ನಾಲ್ಕನೇ ದಿನ ಪುಟದ ಅಂಕಿಗಳು ಬದಲಾದವು. ಏಳು ಹೆಜ್ಜೆ ಎಂಟಾಯಿತು.

ಆ ಅಪರಿಚಿತರ ಎರಡನೇ ಪ್ರಶ್ನೆಯನ್ನು ನಾನು ಇನ್ನೂ ಗೌರವದಿಂದ ನೆನೆಯುತ್ತೇನೆ. 'ಇದರಿಂದ ಸರಿಹೋಯಿತು' ಎನ್ನುವುದಕ್ಕೂ 'ಸರಿಹೋಗಲು ಬೇಕಾದದ್ದು ಇಷ್ಟೇ' ಎನ್ನುವುದಕ್ಕೂ ಇರುವ ಅಂತರವನ್ನು ಅವರು ಒಂದೇ ವಾಕ್ಯದಲ್ಲಿ ಕಾಣಿಸಿದರು. ಸಂಬಳವಿಲ್ಲದೆ, ಮುಖ ನೋಡದೆ, ಒಂದು ಸಾಲಿಗಾಗಿ. ಓಪನ್‌ಬಿಎಸ್‌ಡಿ ಎಂಬ ಯೋಜನೆಯಲ್ಲಿ ಕೈಪಿಡಿಯ ತಪ್ಪನ್ನು ಪ್ರೋಗ್ರಾಮಿನ ತಪ್ಪಿನಷ್ಟೇ ಗಂಭೀರವಾಗಿ ಎಣಿಸುತ್ತಾರೆ. ಎಲ್ಲ ಕಡೆಯೂ ಹಾಗೇ ಆಗಬೇಕು.

ಈ ಕೆಲಸದ ಬಗ್ಗೆ ಹೇಳಿದಾಗಲೆಲ್ಲ ನಮ್ಮ ಹುಡುಗರು ತೆಗೆಯುವ ಮೊದಲ ಮಾತು, 'ನಮ್ಮ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ ಸರ್.' ಈ ಅಳುಕು ನನಗೆ ಹೊರಗಿನದಲ್ಲ, ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದವನಿಗೆ ಇದರ ರುಚಿ ಗೊತ್ತು. ಆದರೆ ಅದೇ 2017ರ ಸಮೀಕ್ಷೆಯ ಪ್ರಕಾರ ಓಪನ್ ಸೋರ್ಸ್ ಬಳಗದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಜನ ತಮಗೆ ಇಂಗ್ಲಿಷ್ ಓದಲು ಬರೆಯಲು ತುಂಬ ಚೆನ್ನಾಗಿ ಬರುವುದಿಲ್ಲ ಎಂದೇ ಹೇಳಿಕೊಂಡವರು. ಅಂದರೆ ಕೈಪಿಡಿಯ ಓದುಗರಲ್ಲಿ ನಮ್ಮಂಥವರು ಧಾರಾಳ ಇದ್ದಾರೆ. ಪುಟದಲ್ಲಿ ನಮಗೆ ಎಡವಟ್ಟಾದ ಉದ್ದನೆಯ ವಾಕ್ಯ ಅವರಿಗೂ ಎಡವಟ್ಟಾಗುತ್ತದೆ. ಅದನ್ನು ಮುರಿದು ಎರಡು ಸಣ್ಣ ವಾಕ್ಯ ಮಾಡುವುದಕ್ಕೆ ದೊಡ್ಡ ಇಂಗ್ಲಿಷ್ ಬೇಡ. ವ್ಯಾಕರಣ ತಪ್ಪಿದರೆ ನೋಡುವವರು ತಿದ್ದುತ್ತಾರೆ. ಹೆಜ್ಜೆ ತಪ್ಪಿದ್ದನ್ನು ಮಾತ್ರ ಎಡವಿದವರೇ ಹೇಳಬೇಕು.

ಗಿಟ್ ಎಂದರೆ ಹಿಂಜರಿಯುವವರಿಗೂ ದಾರಿ ಇದೆ. ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆಆಫೀಸ್‌ನ ಕೈಪಿಡಿಗಳನ್ನು ಅದೇ ಲಿಬ್ರೆಆಫೀಸ್‌ನ ರೈಟರ್‌ನಲ್ಲೇ ಬರೆಯುತ್ತಾರೆ. ಕಾಗದ ಟೈಪಿಸುವಷ್ಟು ಬಂದರೆ ಒಂದು ಅಧ್ಯಾಯ ಕೈಗೆತ್ತಿಕೊಂಡು, ಹೊಸ ಆವೃತ್ತಿಯಲ್ಲಿ ಮೆನು ಎಲ್ಲೆಲ್ಲಿ ಸರಿದಿದೆ ಎಂದು ಗುರುತು ಹಾಕಬಹುದು.

ಒಂದು ನೋವಿನ ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಹಬ್ಬ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಯುತ್ತದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. ಆ ವರ್ಷ ತಿಂಗಳು ಹುಟ್ಟುತ್ತಲೇ ಸಾವಿರಾರು ಯೋಜನೆಗಳ ರೀಡ್‌ಮಿ ಎಂಬ ಪರಿಚಯ ಪುಟಗಳಿಗೆ 'ಅದ್ಭುತ ಯೋಜನೆ' ಎಂಬಂಥ ಅರ್ಥವಿಲ್ಲದ ಪದ ಸೇರಿಸಿದ ಅರ್ಜಿಗಳು ಸುರಿದವು. ಬಹಳಷ್ಟು ಬಂದದ್ದು ನಮ್ಮ ದೇಶದಿಂದ; ಹೇಗೆ ಮಾಡುವುದೆಂದು ತೋರಿಸಿದ ಒಂದು ವಿಡಿಯೊ ನೋಡಿ ವಿದ್ಯಾರ್ಥಿಗಳು ಹಾಗೇ ಮಾಡಿದ್ದರು. ಬಿಡುವಿನ ವೇಳೆಯಲ್ಲಿ ಯೋಜನೆ ನೋಡಿಕೊಳ್ಳುವವರು ದಿನವಿಡೀ ಕಸ ಹೊರಹಾಕುವುದರಲ್ಲೇ ಕಳೆದರು. ಒಪ್ಪಿಗೆ ಕೊಟ್ಟ ಯೋಜನೆಗಳಲ್ಲಿ ಮಾಡಿದ್ದನ್ನು ಮಾತ್ರ ಎಣಿಸುವುದೆಂದು ಸಂಘಟಕರು ಮೂರೇ ದಿನದಲ್ಲಿ ನಿಯಮ ಬದಲಿಸಬೇಕಾಯಿತು. ಆ ಹುಡುಗರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಗುಂಡಿ ಎಲ್ಲಿ ಒತ್ತಬೇಕೆಂದು ಅವರಿಗೆ ಯಾರೋ ತೋರಿಸಿದರು. ಆ ಪುಟವನ್ನು ಯಾರು ಓದುತ್ತಾರೆ, ಯಾಕೆ ಓದುತ್ತಾರೆ ಎಂದು ಯಾರೂ ಹೇಳಲಿಲ್ಲ. ಒಂದು ತಂತ್ರಾಂಶವನ್ನು ಒಂದು ವಾರ ನಿಜವಾಗಿ ಬಳಸಿ, ಎಡವಿದ ಜಾಗವನ್ನು ಬರೆದುಕೊಂಡು ಬನ್ನಿ ಎಂದು ಯಾವುದಾದರೂ ಕಾಲೇಜಿನ ಮೇಷ್ಟರು ಹೇಳಿದ್ದರೆ ಆ ಅಕ್ಟೋಬರಿನ ಕಥೆಯೇ ಬೇರೆ ಆಗುತ್ತಿತ್ತು.

ಕನ್ನಡದಲ್ಲೇ ಕೈಪಿಡಿ ಇದ್ದರೆ? ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಈ ದಿಕ್ಕಿನಲ್ಲಿ ಮಾಡಿರುವ ಕೆಲಸ ಎಲ್ಲರೂ ನೋಡಬೇಕಾದದ್ದು. ಲಿನಕ್ಸ್, ಲಿಬ್ರೆಆಫೀಸ್, ಪೈಥಾನ್ ಮೊದಲಾದ ತಂತ್ರಾಂಶಗಳಿಗೆ ಹತ್ತು ಹತ್ತು ನಿಮಿಷದ ಪಾಠಗಳು, ಕನ್ನಡವೂ ಸೇರಿದಂತೆ ಭಾರತದ ಭಾಷೆಗಳ ದನಿಯಲ್ಲಿ. ಪಾಠ ಬರೆಯುವಾಗ ಹಾಳೆಯಲ್ಲಿ ಎರಡು ಅಂಕಣ: ಎಡಗಡೆ ಪರದೆಯ ಮೇಲೆ ಏನು ಕಾಣಬೇಕು, ಬಲಗಡೆ ಏನು ಹೇಳಬೇಕು. ರೆಕಾರ್ಡು ಮಾಡುವ ಮೊದಲು ಆ ಬರಹವನ್ನು ವಿಷಯ ಏನೇನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಅದರಂತೆ ಮಾಡಿ ನೋಡಲು ಹೇಳುತ್ತಾರೆ. ಅವರು ಎಲ್ಲಿ ನಿಂತರೋ ಅಲ್ಲಿ ಬರಹ ತಿದ್ದುತ್ತಾರೆ. ಗೊತ್ತಿಲ್ಲದಿರುವುದೇ ಒಂದು ಅರ್ಹತೆಯಾಗಿ, ಕೆಲಸದ ಕ್ರಮದಲ್ಲೇ ಒಂದು ಹಂತವಾಗಿ ನಿಂತಿರುವುದನ್ನು ನಾನು ಬೇರೆ ಕಡೆ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಬರಹದ ಕನ್ನಡಕ್ಕೆ ಬಂದರೆ ಪದಗಳ ಜಗಳ ಮೊದಲು ಎದ್ದು ನಿಲ್ಲುತ್ತದೆ. ಫೈಲಿಗೆ 'ಕಡತ' ಎಂದಾಗ ನನಗೆ ಸಂತೋಷ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಹಳೆಯ ಕಡತ ಈಗ ಪರದೆಯೊಳಗೆ ಬದುಕಿದೆ. 'ಗುಪ್ತಪದ' ನೋಡಿದಾಗ ಮಾತ್ರ ಗ್ರಂಥಾಲಯಕ್ಕೆ ಬರುವ ಮಕ್ಕಳು 'ಪಾಸ್‌ವರ್ಡಾ ಇದು?' ಎಂದು ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಜನ ಬಾಯಲ್ಲಿ ಆಡುವ ಪದ ಕನ್ನಡ ಲಿಪಿಯಲ್ಲಿ ಬಂದರೆ ಕೈಪಿಡಿಗೆ ಅದೇ ಕನ್ನಡ ಎಂಬುದು ನನ್ನ ನಿಲುವು. ಆದರೆ ಒಂದು ನಿಯಮ ಮೀರಬಾರದು: ಪರದೆಯ ಮೇಲೆ ಯಾವ ಪದ ಇದೆಯೋ ಪುಟದಲ್ಲೂ ಅದೇ ಇರಬೇಕು. ಮೆನುವಿನಲ್ಲಿ 'ಉಳಿಸು' ಎಂದಿರುವಾಗ ಕೈಪಿಡಿಯಲ್ಲಿ 'ಸೇವ್ ಒತ್ತಿ' ಎಂದರೆ ಓದುವವರು ಸೇವ್ ಹುಡುಕುತ್ತಾ ಕೂರುತ್ತಾರೆ.

ಕನ್ನಡಕ್ಕೆ ಇನ್ನೊಂದು ಅನುಕೂಲ ಹುಟ್ಟಿನಿಂದಲೇ ಇದೆ. ಮೊದಲು ಜಾಗ ಹೇಳಿ, ಆಮೇಲೆ ಕೆಲಸ ಹೇಳಿ ಎಂದು ಇಂಗ್ಲಿಷಿನಲ್ಲಿ ಕೈಪಿಡಿ ಬರೆಯುವವರಿಗೆ ಕಲಿಸಬೇಕಾಗುತ್ತದೆ. ಅವರ ವಾಕ್ಯ ಕ್ರಿಯಾಪದದಿಂದ ಶುರುವಾಗಲು ಹಾತೊರೆಯುತ್ತದೆ, ಓದುವವನು ಎಲ್ಲಿ ಎಂದು ತಿಳಿಯುವ ಮೊದಲೇ ಕೈ ಒತ್ತಿರುತ್ತದೆ. ನಾವು 'ಎಡಗಡೆಯ ಪಟ್ಟಿಯಲ್ಲಿ, ಕೆಳಗಿನಿಂದ ಎರಡನೆಯದನ್ನು ಒತ್ತಿ' ಎನ್ನುತ್ತೇವೆ. ಕಣ್ಣು ಮೊದಲು ಹೋಗುತ್ತದೆ, ಬೆರಳು ಆಮೇಲೆ. ದಾರಿ ಹೇಳುವ ಮಾತಿಗೆ ನಮ್ಮ ವಾಕ್ಯ ಹೇಳಿ ಮಾಡಿಸಿದಂತಿದೆ, ಬಳಸಿಕೊಂಡದ್ದು ಕಡಿಮೆ.

ಗ್ರಂಥಾಲಯದ ನೋಟ್‌ಬುಕ್ಕು ಈಗ ಅರ್ಧ ತುಂಬಿದೆ. ಪ್ರಿಂಟರ್ ಸಿಗದಿದ್ದರೆ ಏನು ಮಾಡಬೇಕು, ಪೆನ್ ಡ್ರೈವ್ ತೆಗೆಯುವ ಮೊದಲು ಏನು ಒತ್ತಬೇಕು, ಅಕ್ಷರ ಚಿಕ್ಕದಾದರೆ ಯಾವ ಎರಡು ಕೀಲಿ. ಪ್ರತಿ ಹೆಜ್ಜೆಗೂ ಅಂಕಿ ಇದೆ. ಕೆಲವು ಕಡೆ ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಪೆನ್ನಿನಲ್ಲಿ ತಿದ್ದಿದೆ, ತಾರೀಕಿನ ಸಮೇತ. ಬೇಸಿಗೆ ರಜೆಯಲ್ಲಿ ಬರುವ ಮಕ್ಕಳು ಅದನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಾರೆ.

ಹೋದ ತಿಂಗಳು ಆ ಲ್ಯಾಪ್‌ಟಾಪಿಗೆ ಹೊಸ ಆವೃತ್ತಿ ಹಾಕಿದ್ದಾಯಿತು. ವಾರ ಕಳೆದಿರಲಿಲ್ಲ, ಫೋನು. 'ಸರ್, ನಮ್ ಪುಟದಲ್ಲಿ ಎರಡನೇ ಹೆಜ್ಜೆ ಈಗ ತಪ್ಪಾಗಿದೆ. ರೀಜನ್ ಅಂಡ್ ಲ್ಯಾಂಗ್ವೇಜ್ ಒಳಗೆ ಹೋಗಿ ಅಂತಿದೆ. ಹೊಸದ್ರಲ್ಲಿ ಅದು ಅಲ್ಲಿಲ್ಲ, ಕೀಬೋರ್ಡ್ ಒಳಗೆ ಹೋಗಿದೆ.'

'ಸರಿ, ರಾತ್ರಿ ತಿದ್ದಿ ಕಳಿಸ್ತೀನಿ ಮೇಡಂ' ಎಂದೆ.

'ಇಲ್ಲ ಸರ್, ನಾನೇ ಪೆನ್ಸಿಲ್ ಒತ್ತಿದೀನಿ. ತಿದ್ದಿದ್ದೂ ಆಯ್ತು. ಕೆಳಗೆ ಒಂದು ಪೆಟ್ಟಿಗೆ ಬಂದಿದೆ, ಯಾಕೆ ತಿದ್ದಿದಿರಿ ಅಂತ ಕೇಳ್ತಿದೆ. ಅದಕ್ಕೇನು ಬರೀಲಿ?'

'ಈಗ ನನಗೆ ಹೇಳಿದ್ರಲ್ಲ, ಅದನ್ನೇ ಬರೀರಿ.'